ಸ್ಕಾಟ್ಲೆಂಡಿನ ಪಾಠವೂ ತುಳುನಾಡಿನ ಪ್ರಶ್ನೆಯೂ

ದೊಡ್ಡ ರಾಜ್ಯವೊಂದರಲ್ಲಿ ಸೇರಿಕೊಂಡಿರುವ ಚಿಕ್ಕ ಜನಸಮುದಾಯವು ತನ್ನ ನುಡಿಗೂ ನೆಲಕ್ಕೂ ಮನ್ನಣೆಯನ್ನು ಕೇಳಿದಾಗ ಆ ದೊಡ್ಡ ರಾಜ್ಯವು ಹೇಗೆ ನಡೆದುಕೊಳ್ಳಬೇಕೆಂಬುದು ರಾಜನೀತಿಯ ಹಳೆಯ ಪ್ರಶ್ನೆ. ಎಡಿನ್‌ಬರೋ ನಗರದಲ್ಲಿ ಇದು ಮೂರು ಶತಮಾನಗಳಿಂದ ಚರ್ಚೆಯಲ್ಲಿದೆ. ನಮ್ಮ ಉಡುಪಿ, ಕಾಪು, ಕಾರ್ಕಳಗಳಲ್ಲಿ ಸುಮಾರು ನೂರು ವರ್ಷಗಳಿಂದ, ಒಮ್ಮೆ ಮೆಲ್ಲಗೆ ಒಮ್ಮೆ ಗಟ್ಟಿಯಾಗಿ, ತುಳುವಿನ ಹೆಸರಿನಲ್ಲಿ ಇದೇ ಪ್ರಶ್ನೆಯು ಕೇಳಿಬರುತ್ತಿದೆ. ಸ್ಕಾಟ್ ಜನರ ಸುದ್ದಿಯನ್ನು ಓದುವಾಗ ಕನ್ನಡಿಗರಲ್ಲಿ ಅನೇಕರು ಸಹಜವಾಗಿ ಅವರ ಪಕ್ಷವನ್ನೇ ವಹಿಸುತ್ತಾರೆ. ತುಳುವರ ಬೇಡಿಕೆಯ ಮಾತು ಬಂದೊಡನೆ ಅವರದೇ ಹುಬ್ಬು ಗಂಟಿಕ್ಕುತ್ತದೆ. ದೂರದ ಬೆಟ್ಟವು ನುಣ್ಣಗೆ ಕಾಣುವುದು ಸಹಜ. ಕನ್ನಡದ ಅಭಿಮಾನವನ್ನೇ ಉಸಿರಾಗಿ ಉಳ್ಳ ಪತ್ರಿಕೆಯವರಾದ ನಾವು ಹತ್ತಿರದ ಬೆಟ್ಟವನ್ನೂ ಕಣ್ಣಿಟ್ಟು ನೋಡುವುದು ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಸ್ಕಾಟ್ಲೆಂಡಿನ ಸಂಗತಿ. 1603ರಲ್ಲಿ ಸ್ಕಾಟ್ಲೆಂಡಿನ ದೊರೆಯೇ ಇಂಗ್ಲೆಂಡಿನ ಸಿಂಹಾಸನವನ್ನು ಏರಿದನು. 1707ರ ಮೇ 1ರಂದು ಎರಡು ರಾಜ್ಯಗಳ ಶಾಸನಸಭೆಗಳೂ ಒಂದಾದವು. ಆದರೆ ಆ ಒಡಂಬಡಿಕೆಯಲ್ಲಿ ಸ್ಕಾಟರು ತಮ್ಮ ಧರ್ಮಸಂಸ್ಥೆಯನ್ನೂ, ತಮ್ಮ ಕಾನೂನನ್ನೂ, ನ್ಯಾಯಾಲಯಗಳನ್ನೂ ಉಳಿಸಿಕೊಂಡರು. ಅವರ ವಿದ್ಯಾಪದ್ಧತಿಯೂ ಬೇರೆಯಾಗಿಯೇ ನಡೆದುಬಂದಿತು. ಸ್ಕಾಟರ ರಾಷ್ಟ್ರೀಯತೆಯು ಭಾಷೆಯ ಮೇಲೆ ನಿಂತುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವರ ಹಳೆಯ ಗೇಲಿಕ್ ಭಾಷೆಯನ್ನಾಡುವವರು 2011ರ ಗಣತಿಯಲ್ಲಿ ನೂರಕ್ಕೆ ಒಬ್ಬರಷ್ಟೇ. ಹ್ಯೂಮ್, ಆಡಂ ಸ್ಮಿತ್, ವಾಲ್ಟರ್ ಸ್ಕಾಟ್ ಮೊದಲಾದ ಅವರ ಮಹಾಪುರುಷರು ಇಂಗ್ಲಿಷಿನಲ್ಲಿ ಬರೆದು ಆ ಭಾಷೆಗೇ ಕೀರ್ತಿಯನ್ನು ತಂದವರು. ಅವರ ಜನತ್ವವನ್ನು ಕಾಪಾಡಿದುದು ಮುಖ್ಯವಾಗಿ ಸಂಸ್ಥೆಗಳು. ನ್ಯಾಯಾಲಯ, ಮಠ, ಪಾಠಶಾಲೆ, ಬ್ಯಾಂಕು ಇವು ತಮ್ಮವಾಗಿ ಉಳಿದುದರಿಂದ ಶಾಸನಸಭೆಯು ಹೋದರೂ ತಾವೊಂದು ಜನವೆಂಬ ಭಾವನೆಯು ಅಳಿಯಲಿಲ್ಲ.

ಈ ಭಾವನೆಯು ರಾಜಕೀಯ ಪಕ್ಷದ ರೂಪವನ್ನು ತಾಳಿದುದು 1928ರಲ್ಲಿ. 1934ರಲ್ಲಿ ಎರಡು ಸಂಘಗಳು ಕೂಡಿ ಈಗಿನ ಸ್ಕಾಟಿಷ್ ರಾಷ್ಟ್ರೀಯ ಪಕ್ಷವಾಯಿತು. ಬಹುಕಾಲ ಅದನ್ನು ಲಂಡನ್ನಿನವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಉತ್ತರ ಸಮುದ್ರದಲ್ಲಿ ಎಣ್ಣೆಯು ದೊರೆತ ಮೇಲೆ, ನಮ್ಮ ತೀರದ ಸಂಪತ್ತು ನಮಗೆ ಸಲ್ಲಬೇಕೆಂಬ ಕೂಗಿನಿಂದ 1974ರ ಅಕ್ಟೋಬರ್ ಚುನಾವಣೆಯಲ್ಲಿ ಅದಕ್ಕೆ 11 ಸ್ಥಾನಗಳು ಬಂದವು. ಆಗ ಲಂಡನ್ ಸರಕಾರವು ಪ್ರತ್ಯೇಕ ಶಾಸನಸಭೆಯನ್ನು ಕೊಡುವುದಾಗಿ ಹೇಳಿ 1979ರ ಮಾರ್ಚ್ 1ರಂದು ಜನಾಭಿಪ್ರಾಯವನ್ನು ಕೇಳಿತು. ಮತ ಕೊಟ್ಟವರಲ್ಲಿ ನೂರಕ್ಕೆ 51.6 ಮಂದಿ ಬೇಕೆಂದರು. ಆದರೆ ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ನೂರಕ್ಕೆ 40 ಮಂದಿಯಾದರೂ ಒಪ್ಪಿರಬೇಕೆಂಬ ಕಟ್ಟಳೆಯನ್ನು ಮೊದಲೇ ತೂರಿಸಿಟ್ಟಿದ್ದುದರಿಂದ ಗೆದ್ದವರೇ ಸೋತಂತಾಯಿತು. ಮನೆಯಲ್ಲಿ ಕುಳಿತವರೆಲ್ಲರೂ ಬೇಡವೆಂದವರ ಪಂಕ್ತಿಗೆ ಸೇರಿದಂತಾಯಿತು. ಕೇಳಿದುದನ್ನು ನೇರವಾಗಿ ನಿರಾಕರಿಸಿದ್ದರೆ ಆಗುವ ನೋವಿಗಿಂತ ಲೆಕ್ಕದ ಜಾಣತನದಿಂದ ನಿರಾಕರಿಸಿದ ನೋವು ಹೆಚ್ಚಿನದು. ಮುಂದೆ 1989ರಲ್ಲಿ ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟರ ಮೇಲೆ ಹೇರಲಾಯಿತು. ಅಂತೂ 1997ರಲ್ಲಿ ಮತ್ತೆ ಕೇಳಿದಾಗ ನೂರಕ್ಕೆ 74 ಮಂದಿ ಬೇಕೆಂದರು. 1999ರಲ್ಲಿ ಎಡಿನ್‌ಬರೋದಲ್ಲಿ ಶಾಸನಸಭೆಯು ಕೂಡಿತು. ಇಪ್ಪತ್ತು ವರ್ಷಗಳ ವಿಳಂಬದಿಂದ ಲಂಡನ್ನಿಗೆ ದೊರೆತ ಲಾಭವೇನೆಂಬುದನ್ನು ನಾವು ಕಾಣಲಾರೆವು. ನಷ್ಟವು ಮಾತ್ರ ಎದ್ದು ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಶಾಸನಸಭೆಯನ್ನು ಕೊಟ್ಟರೆ ಪ್ರತ್ಯೇಕತೆಯ ಕೂಗು ಅಡಗುವುದೆಂದು ಕೊಟ್ಟವರು ನಂಬಿದ್ದರು, ಅಡಗಲಿಲ್ಲ. 2007ರಲ್ಲಿ ರಾಷ್ಟ್ರೀಯ ಪಕ್ಷವೇ ಅಲ್ಲಿ ಅಧಿಕಾರಕ್ಕೆ ಬಂದಿತು; 2011ರಲ್ಲಿ ಬಹುಮತವನ್ನೇ ಪಡೆಯಿತು; 2014ರಲ್ಲಿ ಪೂರ್ಣ ಸ್ವಾತಂತ್ರ್ಯದ ಪ್ರಶ್ನೆಯೇ ಮತಕ್ಕೆ ಬಂದಿತು. ಬೆರಳು ಕೊಟ್ಟರೆ ಹಸ್ತವನ್ನೇ ನುಂಗುವರೆಂಬ ಮಾತಿಗೆ ಇದು ಸಾಕ್ಷಿಯಲ್ಲವೆ? ಅಲ್ಲವೆಂದು ನಮ್ಮ ಉತ್ತರ. 2014ರ ಸೆಪ್ಟೆಂಬರ್ 18ರಂದು ನೂರಕ್ಕೆ 84ಕ್ಕೂ ಹೆಚ್ಚು ಮತದಾರರು ಮತಗಟ್ಟೆಗೆ ಬಂದು, ನೂರಕ್ಕೆ 55 ಮಂದಿ ಒಕ್ಕೂಟದಲ್ಲಿಯೇ ಇರುವೆವೆಂದು ತೀರ್ಪಿತ್ತರು. ಬಿಟ್ಟುಹೋಗುವ ಬಾಗಿಲು ತೆರೆದಿದ್ದಾಗ ಉಳಿದವರ ಉಳಿಯುವಿಕೆಗೆ ಬೆಲೆಯುಂಟು. ಆ ಮೇಲೆಯೂ ಏರಿಳಿತಗಳಾದವು: 2015ರಲ್ಲಿ ಆ ಪಕ್ಷವು ಲಂಡನ್ ಸಭೆಯ 59 ಸ್ಕಾಟಿಷ್ ಸ್ಥಾನಗಳಲ್ಲಿ 56ನ್ನು ಗೆದ್ದಿತು, 2016ರಲ್ಲಿ ಯೂರೋಪಿನ ಒಕ್ಕೂಟದಲ್ಲಿ ಉಳಿಯಬೇಕೆಂದು ಸ್ಕಾಟರಲ್ಲಿ ನೂರಕ್ಕೆ 62 ಮಂದಿ ಹೇಳಿದರೂ ಇಂಗ್ಲೆಂಡಿನ ಮತದಿಂದ ಅವರೂ ಹೊರಬರಬೇಕಾಯಿತು, 2022ರಲ್ಲಿ, ಲಂಡನ್ನಿನ ಒಪ್ಪಿಗೆಯಿಲ್ಲದೆ ಮತ್ತೊಮ್ಮೆ ಜನಾಭಿಪ್ರಾಯವನ್ನು ಕೇಳುವ ಅಧಿಕಾರವು ಎಡಿನ್‌ಬರೋ ಸಭೆಗೆ ಇಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹೇಳಿತು, 2024ರಲ್ಲಿ ಅದೇ ಪಕ್ಷವು 9 ಸ್ಥಾನಗಳಿಗೆ ಇಳಿಯಿತು. ಇಷ್ಟೆಲ್ಲ ಆದರೂ ಒಂದು ಗುಂಡು ಹಾರಲಿಲ್ಲವೆಂಬುದೇ ದೊಡ್ಡ ಮಾತು.

ಪಕ್ಕದ ಐರ್ಲೆಂಡಿನೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಐರಿಷರಿಗೆ ಸ್ವಯಮಾಡಳಿತವನ್ನು ಕೊಡುವ ಮಸೂದೆಗಳು 1886ರಲ್ಲಿ ಬಿದ್ದವು, 1893ರಲ್ಲಿ ಬಿದ್ದವು. 1914ರಲ್ಲಿ ಶಾಸನವಾದರೂ ಯುದ್ಧದ ನೆಪದಿಂದ ಕಪಾಟು ಸೇರಿತು. 1916ರಲ್ಲಿ ದಂಗೆ, ಮುಂದೆ ಯುದ್ಧ, 1922ರಲ್ಲಿ ಬಿಡುಗಡೆ. ಕಾಲಕ್ಕೆ ಕೊಟ್ಟಿದ್ದರೆ ಸಾಲುತ್ತಿದ್ದುದು ಅಕಾಲದಲ್ಲಿ ಊಟವಾದ ಮೇಲಿನ ಉಪ್ಪಿನಕಾಯಿಯಾಯಿತು. ಸ್ಪೇನಿನ ಕ್ಯಾಟಲೋನಿಯದಲ್ಲಿಯೂ 2006ರ ಸ್ವಯಮಾಡಳಿತದ ಶಾಸನದ ಕೆಲವು ಭಾಗಗಳನ್ನು 2010ರಲ್ಲಿ ನ್ಯಾಯಪೀಠವು ಕಿತ್ತುಹಾಕಿತು; 2017ರ ಅಕ್ಟೋಬರಿನಲ್ಲಿ ಮತಪೆಟ್ಟಿಗೆಗಳ ಮುಂದೆ ಪೋಲೀಸರ ಲಾಠಿಗಳು ಎದ್ದವು.

ಪರದೇಶದ ಉದಾಹರಣೆಗಳೇ ಏಕೆ? ದ್ರಾವಿಡನಾಡು ಪ್ರತ್ಯೇಕವಾಗಬೇಕೆಂದು ಸಾರುತ್ತಿದ್ದ ಅಣ್ಣಾದುರೈಯವರ ಪಕ್ಷವು 1963ರಲ್ಲಿ ಆ ಮಾತನ್ನು ಬಿಟ್ಟಿತು. 1967ರಲ್ಲಿ ಹಿಂದಿಯನ್ನು ಒತ್ತಾಯದಿಂದ ತರಲಾಗದೆಂಬ ರಕ್ಷಣೆಯು ಶಾಸನವಾಯಿತು. 1969ರಲ್ಲಿ ಮದ್ರಾಸಿಗೆ ತಮಿಳುನಾಡೆಂಬ ಹೆಸರೂ ಬಂದಿತು. ಮನ್ನಣೆಯು ದೊರೆತ ಜನರು ಮನೆ ಬಿಟ್ಟುಹೋಗಲಿಲ್ಲ. ಇದಕ್ಕೆ ವಿರುದ್ಧವಾಗಿ, 1956ರಲ್ಲಿ ತೆಲಂಗಾಣಕ್ಕೆ ಕೊಟ್ಟ ವಚನಗಳು ನಡೆಯದೆ ಹೋದುದರಿಂದ, ಒಂದೇ ತೆಲುಗನ್ನಾಡುವ ಜನರು 2014ರಲ್ಲಿ ಎರಡಾದರು. ನುಡಿಯೊಂದೇ ಆದ ಮಾತ್ರಕ್ಕೆ ಒಗ್ಗಟ್ಟು ಉಳಿಯದು. ನುಡಿ ಬೇರೆಯಾದ ಮಾತ್ರಕ್ಕೆ ಒಗ್ಗಟ್ಟು ಒಡೆಯದು. ಕೊಟ್ಟ ಮಾತು ಉಳಿಯಿತೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿರುವುದು.

ಈಗ ನಮ್ಮ ಕರಾವಳಿಗೆ ಬರೋಣ. ಸ್ಕಾಟ್ಲೆಂಡಿನಲ್ಲಿ ರಾಷ್ಟ್ರೀಯ ಪಕ್ಷವು ಹುಟ್ಟುತ್ತಿದ್ದ ಕಾಲದಲ್ಲಿಯೇ ಉಡುಪಿಯಲ್ಲಿ ಎಸ್. ಯು. ಪಣಿಯಾಡಿಯವರು ತುಳು ಚಳವಳಿಯನ್ನು ಎಬ್ಬಿಸಿದರು. ಅವರು ಕೈಗೆತ್ತಿಕೊಂಡುದು ಲೇಖನಿಯನ್ನು: ತುಳುವಿನ ವ್ಯಾಕರಣವನ್ನೂ ‘ಸತಿ ಕಮಲೆ’ಯೆಂಬ ತುಳು ಕಾದಂಬರಿಯನ್ನೂ ಬರೆದರು. ಅದಕ್ಕೂ ಮೊದಲು, 1856ರಲ್ಲಿಯೇ, ಕಾಲ್ಡ್‌ವೆಲ್ ಪಂಡಿತನು ತುಳುವನ್ನು ಸ್ವತಂತ್ರ ದ್ರಾವಿಡ ಭಾಷೆಯೆಂದು ಎಣಿಸಿದ್ದನು. ಬಾಸೆಲ್ ಮಿಶನ್ನಿನವರು 1872ರಲ್ಲಿ ಅದರ ವ್ಯಾಕರಣವನ್ನೂ 1886ರಲ್ಲಿ ನಿಘಂಟನ್ನೂ ಅಚ್ಚುಹಾಕಿಸಿದ್ದರು. ಉಡುಪಿಯ ಎಂ. ಜಿ. ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಆರು ಸಂಪುಟಗಳ ನಿಘಂಟುಳ್ಳ ಭಾಷೆಯನ್ನು ಇನ್ನೂ ಉಪಭಾಷೆಯೆಂದು ಕರೆಯುವವರು ಆ ಸಂಪುಟಗಳಲ್ಲಿ ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡುವುದು ಒಳಿತು.

ಹೀಗಿದ್ದೂ ಆ ಭಾಷೆಯ ಸ್ಥಾನವೇನು? 2011ರ ಗಣತಿಯಲ್ಲಿ ತುಳುವನ್ನು ಮಾತೃಭಾಷೆಯೆಂದು ಬರೆಯಿಸಿದವರು 18,46,427 ಮಂದಿ. ಅದೇ ಗಣತಿಯಲ್ಲಿ ಮಣಿಪುರಿಯವರು ಸುಮಾರು 17 ಲಕ್ಷ 61 ಸಾವಿರ. ಬೋಡೋ ಭಾಷೆಯವರು ಸುಮಾರು 14 ಲಕ್ಷ 83 ಸಾವಿರ. ಮಣಿಪುರಿಯು 1992ರಲ್ಲಿಯೂ ಬೋಡೋ 2003ರಲ್ಲಿಯೂ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿದವು. ಇದೇ ಕರಾವಳಿಯ ಕೊಂಕಣಿಯೂ 1992ರಲ್ಲಿ ಸೇರಿತು. ಆ ಭಾಷೆಗಳಿಗೆ ಸಂದ ಗೌರವವನ್ನು ಕಂಡು ನಮಗೆ ಸಂತೋಷವೇ. ಆದರೆ ತುಳುವನ್ನು ಹೊರಗೆ ನಿಲ್ಲಿಸಿದುದಕ್ಕೆ ಯಾವ ಅಳತೆಗೋಲನ್ನು ಹಿಡಿದರೆಂದು ಕೇಳಿದರೆ ಉತ್ತರವಿಲ್ಲ. ನಮ್ಮ ರಾಜ್ಯದಲ್ಲಿ 1994ರಲ್ಲಿ ತುಳು ಸಾಹಿತ್ಯ ಅಕಾಡೆಮಿಯು ಆಯಿತು. ಶಾಲೆಗಳಲ್ಲಿ ತುಳುವನ್ನು ಮೂರನೆಯ ಭಾಷೆಯಾಗಿ ಓದುವ ಅವಕಾಶವೂ ಆಯಿತು. ಅದನ್ನು ಎರಡನೆಯ ಅಧಿಕೃತ ಭಾಷೆಯಾಗಿ ಮಾಡುವ ಬಗ್ಗೆ ಪರಿಶೀಲಿಸಲು 2023ರಲ್ಲಿ ಡಾ. ಮೋಹನ ಆಳ್ವರ ನೇತೃತ್ವದ ಸಮಿತಿಯೂ ಆಯಿತು. ಸಮಿತಿಗಳು ಒಳ್ಳೆಯವೇ, ಆದರೆ ಸಮಿತಿಯು ನಿರ್ಧಾರದ ಮೆಟ್ಟಿಲಾಗಬೇಕೇ ಹೊರತು ಅದರ ಸಮಾಧಿಯಾಗಬಾರದು. 2024ರಲ್ಲಿ ತುಳು–ತಿಗಳಾರಿ ಲಿಪಿಗೆ ಜಗತ್ತಿನ ಗಣಕಯಂತ್ರಗಳ ಯೂನಿಕೋಡ್ ಪಟ್ಟಿಯಲ್ಲಿ ಸ್ಥಾನವು ದೊರೆಯಿತು. ಜಗತ್ತಿನ ಪಟ್ಟಿಯು ಸೇರಿಸಿಕೊಂಡ ಮೇಲೂ ನಮ್ಮ ಕಚೇರಿಯ ಪಟ್ಟಿಯು ಹಿಂಜರಿಯುವುದು ಸೋಜಿಗ.

ತುಳುವಿಗೆ ಸ್ಥಾನವಿತ್ತರೆ ಕನ್ನಡವು ಸೊರಗುವುದೆಂಬ ಭಯವು ನಮ್ಮ ಬಂಧುಗಳಲ್ಲಿ ಕೆಲವರಿಗಿದೆ. ಈ ಭಯಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಅರಸರ ನಾಡಿನಲ್ಲಿ ಒಲೆಯ ಬಳಿಯ ಮಾತು ತುಳು, ಶಾಸನದ ಮಾತು ಕನ್ನಡ. ಒಂದು ಇನ್ನೊಂದನ್ನು ತಿನ್ನಲಿಲ್ಲ. ಅದೇ ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ ಹುಟ್ಟಿದ ಮುದ್ದಣನು ಹೊಸಗನ್ನಡ ಗದ್ಯಕ್ಕೆ ಮುನ್ನುಡಿಯನ್ನು ಹಾಡಿದವನು. ರಾತ್ರಿಯೆಲ್ಲ ಕನ್ನಡ ಯಕ್ಷಗಾನದ ಅರ್ಥವನ್ನು ಕೇಳುವ ಜನರೇ ಭೂತದ ಕೋಲದಲ್ಲಿ ತುಳು ಪಾಡ್ದನವನ್ನು ಕೇಳುವವರು. 1960ರಲ್ಲಿ ಮಣಿಪಾಲದಲ್ಲಿ ಅ. ನ. ಕೃಷ್ಣರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಡೆದಾಗ ಅದಕ್ಕೆ ಆತಿಥ್ಯವನ್ನು ಮಾಡಿದ ನೆಲವು ತುಳು ಕೊಂಕಣಿಗಳನ್ನಾಡುವ ನೆಲ. ಸ್ಕಾಟರು ಇಂಗ್ಲಿಷಿಗೆ ಮಾಡಿದ ಸೇವೆಗಿಂತ ತುಳುವರು ಕನ್ನಡಕ್ಕೆ ಮಾಡಿದ ಸೇವೆಯು ಕಡಿಮೆಯಲ್ಲ.

ಇದಕ್ಕಿಂತಲೂ ಭಾರವಾದ ಋಣವೊಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ನಮ್ಮ ಕೈತಪ್ಪಿ ಕೇರಳವನ್ನು ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವಾದರೂ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು, ಅದು ನಡೆಯಲಿಲ್ಲ. ಆ ಹೋರಾಟದಲ್ಲೆಲ್ಲ ನಾವು ನಮ್ಮ ಪಕ್ಷಕ್ಕೆ ತೋರಿಸಿದ ಬಲವಾವುದು? ಕನ್ನಡಿಗರೊಡನೆ ತುಳುವರನ್ನೂ ಸೇರಿಸಿಯೇ ನಾವು ಲೆಕ್ಕವನ್ನು ಒಪ್ಪಿಸಿದೆವು. ತುಳುವಿನಲ್ಲಿಯೂ ಕನ್ನಡದಲ್ಲಿಯೂ ಕಾವ್ಯವನ್ನು ಬರೆದ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿನುದ್ದಕ್ಕೂ ಆ ಹೋರಾಟದ ಮುಂದಾಳುಗಳಾಗಿದ್ದರು. ತಲೆಯೆಣಿಕೆಯ ದಿನ ತುಳುವರು ನಮ್ಮವರು, ಹಕ್ಕಿನ ದಿನ ಅವರ ನುಡಿಯು ಯಾರದೋ ಎಂಬುದು ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ನಡತೆ. ಇಲ್ಲಿಯಾದರೋ ಹೊಳೆಯನ್ನು ದಾಟಿದ್ದೂ ಇಲ್ಲ. ಕೇರಳವು 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದರು, ನಾವೆಲ್ಲರೂ ಅವರ ಬೆನ್ನಿಗೆ ನಿಂತೆವು. ಕಚೇರಿಯ ಅರ್ಜಿಯು ಕನ್ನಡದಲ್ಲಿರಬೇಕೆಂದು ಅಲ್ಲಿ ಕೇಳುವ ನಾವು, ತುಳುವಿನಲ್ಲಿರಬೇಕೆಂದು ಇಲ್ಲಿ ಕೇಳುವವರಿಗೆ ಯಾವ ಮುಖದಿಂದ ಇಲ್ಲವೆನ್ನಬಲ್ಲೆವು? ಮದ್ರಾಸಿನ ಆಡಳಿತದಲ್ಲಿ ಒಂದೂವರೆ ಶತಮಾನ ಮೂಲೆಗೆ ಬಿದ್ದಿದ್ದ ಜಿಲ್ಲೆಯಿದು. ಅಂದು ಬೇಡುವ ಕೈ ನಮ್ಮದಾಗಿತ್ತು, ಇಂದು ಕೊಡುವ ಕೈ ನಮ್ಮದಾಗಿದೆ. ಕೈ ಬದಲಾದೊಡನೆ ನ್ಯಾಯವೂ ಬದಲಾಗಲಾರದು.

ಇಷ್ಟು ಹೇಳಿದ ಮೇಲೆ ತುಳು ಚಳವಳಿಯ ಮಿತ್ರರಿಗೂ ಒಂದು ಮಾತನ್ನು ಹೇಳುವುದು ನ್ಯಾಯ. ಪ್ರತ್ಯೇಕ ತುಳುನಾಡು ರಾಜ್ಯವಾಗಬೇಕೆಂಬ ಕೂಗು ಆಗಾಗ ಏಳುತ್ತಿದೆ. ಸಂವಿಧಾನದ ಮೂರನೆಯ ಅನುಚ್ಛೇದದಂತೆ ಹೊಸ ರಾಜ್ಯವನ್ನು ಮಾಡುವ ಅಧಿಕಾರವು ಸಂಸತ್ತಿಗಿರುವುದರಿಂದ ಇದು ದ್ರೋಹದ ಮಾತಲ್ಲ; ಆದರೆ ವಿವೇಕದ ಮಾತೆಂದು ನಮಗೆ ತೋರುವುದಿಲ್ಲ. ಸ್ಕಾಟ್ಲೆಂಡಿಗೆ ಎಲ್ಲರೂ ಒಪ್ಪಿದ ಗಡಿಯಿದೆ, ಅಳಿಯದ ಸಂಸ್ಥೆಗಳಿವೆ. ತುಳುನಾಡಿನ ಗಡಿಯನ್ನು ಎಲ್ಲಿ ಎಳೆಯುವುದು? ಸೀತಾನದಿಯ ಉತ್ತರಕ್ಕೆ ಕುಂದಾಪುರದ ಕಡೆಗೆ ಹೋದರೆ ಮನೆಮಾತು ಕನ್ನಡವೇ. ದಕ್ಷಿಣದ ತುಂಡು ಕೇರಳದಲ್ಲಿದೆ. ನಡುವೆ ಕೊಂಕಣಿಯವರು, ಬ್ಯಾರಿಗಳು, ಶಿವಳ್ಳಿ ತುಳುವನ್ನಾಡುವವರು, ಹವ್ಯಕ ಕನ್ನಡವನ್ನಾಡುವವರು ಒಂದೇ ಪೇಟೆಯಲ್ಲಿ ಅಂಗಡಿಯಿಟ್ಟಿದ್ದಾರೆ. ಇಂತಹ ನೆಲದಲ್ಲಿ ಒಂದು ನುಡಿಯ ಹೆಸರಿನಲ್ಲಿ ಗೆರೆಯನ್ನೆಳೆದರೆ ಇಂದಿನ ಅಲ್ಪಸಂಖ್ಯಾತರು ನಾಳೆಯ ಬಹುಸಂಖ್ಯಾತರಾಗಿ, ಹೊಸ ಅಲ್ಪಸಂಖ್ಯಾತರನ್ನು ಸೃಷ್ಟಿಸುವರಷ್ಟೆ. ಈ ವಿಷಯದಲ್ಲಿ ಸ್ಕಾಟರಿಂದ ಕಲಿಯತಕ್ಕುದಿದೆ. 2014ರ ಮತದಾನದಲ್ಲಿ ಅವರು ಹುಟ್ಟನ್ನು ಕೇಳಲಿಲ್ಲ, ವಾಸವನ್ನು ಕೇಳಿದರು. ಅಲ್ಲಿ ನೆಲಸಿದ್ದ ಇಂಗ್ಲಿಷರಿಗೂ, ಕಾಮನ್‌ವೆಲ್ತ್ ಪ್ರಜೆಗಳಾದ ಭಾರತೀಯರಿಗೂ ಮತವಿದ್ದಿತು. ಲಂಡನ್ನಿನಲ್ಲಿ ನೆಲಸಿದ ಅಪ್ಪಟ ಸ್ಕಾಟನಿಗೆ ಇರಲಿಲ್ಲ. ನೆಲದಲ್ಲಿ ಬಾಳುವವನೇ ನೆಲದವನೆಂಬ ಈ ತತ್ತ್ವವನ್ನು ತುಳು ಅಭಿಮಾನಿಗಳೂ ಕನ್ನಡ ಅಭಿಮಾನಿಗಳೂ ಸಮನಾಗಿ ಅಳವಡಿಸಿಕೊಳ್ಳಬೇಕು.

ನುಡಿಯ ಕೂಗಿನ ಕೆಳಗೆ ಹೊಟ್ಟೆಯ ನೋವೂ ಇರುವುದನ್ನು ಆಳುವವರು ಮರೆಯಬಾರದು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು ಕಾರ್ಪೊರೇಷನ್ ಬ್ಯಾಂಕಾಗಿ ಬೆಳೆಯಿತು. 1925ರಲ್ಲಿ ಡಾ. ಟಿ. ಎಂ. ಎ. ಪೈ ಮೊದಲಾದವರು ಅದೇ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯು, 1928ರಿಂದ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಕೂಡಿಸುತ್ತ, ಮಣಿಪಾಲದ ಸಿಂಡಿಕೇಟ್ ಬ್ಯಾಂಕಾಯಿತು. 2020ರ ಏಪ್ರಿಲ್ 1ರಂದು ಎರಡೂ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಅದಕ್ಕೊಂದು ವರ್ಷ ಮೊದಲೇ ಬರೋಡಾದ ಬ್ಯಾಂಕಿನೊಳಗೆ ಸೇರಿಹೋಗಿತ್ತು. ಲೀನವಾದುದಕ್ಕೆ ಕಾರಣಗಳಿದ್ದಿರಬಹುದು. 2008ರಲ್ಲಿ ಸ್ಕಾಟರ ಎರಡು ಪುರಾತನ ಬ್ಯಾಂಕುಗಳು ಮುಳುಗುತ್ತಿದ್ದಾಗ ಅವನ್ನೆತ್ತಿದುದು ಬ್ರಿಟಿಷ್ ಖಜಾನೆಯೇ ಎಂಬುದನ್ನೂ ನೆನೆಯಬೇಕು. ದೊಡ್ಡ ಒಕ್ಕೂಟದ ಆಸರೆಗೂ ಬೆಲೆಯುಂಟು. ಆದರೆ ತಮ್ಮ ಅಜ್ಜಂದಿರ ಎರಡೆರಡಾಣೆಯಿಂದ ಕಟ್ಟಿದ ಸಂಸ್ಥೆಯ ಹೆಸರು ಹಲಗೆಯಿಂದ ಇಳಿಯುವಾಗ ಇಲ್ಲಿನ ಜನರ ಮಾತಿಗೆ ಅಲ್ಲಿ ತೂಕವಿರಲಿಲ್ಲವೆಂಬುದೂ ನಿಜ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವು ಎದ್ದಾಗಲೂ ಇದೇ ಕತೆ: ಬೆಳಕು ನಾಡಿಗೆಲ್ಲ, ಬೂದಿ ಮಾತ್ರ ಸುತ್ತಲಿನ ಗದ್ದೆ ತೋಟಗಳಿಗೆ ಎಂದು ರೈತರು ಹಸಿರು ನ್ಯಾಯಪೀಠದವರೆಗೆ ಅಲೆಯಬೇಕಾಯಿತು. ಎಣ್ಣೆಯ ಹೆಸರಿನಲ್ಲಿ ಸ್ಕಾಟರಿಗೆ ಆದ ಅಸಮಾಧಾನವು ಇದರ ಅಣ್ಣನೇ ಸರಿ.

ಹಾಗಾದರೆ ಮಾಡತಕ್ಕುದೇನು? ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ, ಕನ್ನಡವು ಮೊದಲನೆಯ ಸ್ಥಾನದಲ್ಲಿಯೇ ಇದ್ದು, ತುಳುವು ಎರಡನೆಯ ಅಧಿಕೃತ ಭಾಷೆಯಾಗಲಿ. ಪಶ್ಚಿಮ ಬಂಗಾಳವು 1961ರಲ್ಲಿಯೇ ಡಾರ್ಜಿಲಿಂಗಿನ ಬೆಟ್ಟದ ಸೀಮೆಯಲ್ಲಿ ಬಂಗಾಳಿಯೊಡನೆ ನೇಪಾಳಿಗೂ ಸ್ಥಾನವಿತ್ತಿತು; ಬಂಗಾಳಿಯು ಅದರಿಂದ ಬಡವಾಗಲಿಲ್ಲ. ಅಮಲ್ದಾರರ ಕಚೇರಿಗೆ ಬಂದ ಮುದುಕಿಯ ಅಹವಾಲನ್ನು ಅವಳ ನುಡಿಯಲ್ಲಿಯೇ ಕೇಳಿ ಬರೆದುಕೊಳ್ಳುವ ಗುಮಾಸ್ತನಿರಲಿ. ಶಾಲೆಯಲ್ಲಿ ತುಳು ಪುಸ್ತಕದೊಡನೆ ಸಂಬಳವುಳ್ಳ ತುಳು ಉಪಾಧ್ಯಾಯನೂ ಇರಲಿ. ಎಂಟನೆಯ ಅನುಸೂಚಿಗಾಗಿ ನಮ್ಮ ರಾಜ್ಯದ ಸಂಸತ್ಸದಸ್ಯರೆಲ್ಲರೂ, ಕರಾವಳಿಯವರು ಮಾತ್ರವಲ್ಲದೆ ಬೀದರಿನವರೂ ಮೈಸೂರಿನವರೂ, ಒಂದೇ ದನಿಯಲ್ಲಿ ಕೇಳಲಿ. ತುಳುವಿಗಾಗಿ ಕನ್ನಡಿಗನೇ ದಿಲ್ಲಿಯಲ್ಲಿ ವಾದಿಸಿದ ದಿನ, ಪ್ರತ್ಯೇಕ ರಾಜ್ಯದ ಕೂಗಿಗೆ ಕಿವಿಗೊಡುವವರು ಉಡುಪಿಯಲ್ಲಿ ಸಿಕ್ಕುವುದು ಕಷ್ಟವಾದೀತು. ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ 2012ರಲ್ಲಿ ಸಂವಿಧಾನವನ್ನೇ ತಿದ್ದಿಸಿ ವಿಶೇಷ ಸ್ಥಾನವನ್ನು ದೊರಕಿಸಿದ ರಾಜ್ಯಕ್ಕೆ ಇದು ಅಸಾಧ್ಯವಾದ ಕಾರ್ಯವಲ್ಲ.

ಸ್ಕಾಟ್ಲೆಂಡಿನ ಶಾಸನಸಭೆಯು 2025ರಲ್ಲಿ ಗೇಲಿಕ್ ಮತ್ತು ಸ್ಕಾಟ್ಸ್ ಭಾಷೆಗಳಿಗೆ ಅಧಿಕೃತ ಸ್ಥಾನವನ್ನು ಕೊಟ್ಟಿತು. ತಮಗೆ ಲಂಡನ್ನಿನಿಂದ ಮನ್ನಣೆಯನ್ನು ಕೇಳಿದವರು ತಮ್ಮೊಳಗಿನ ಚಿಕ್ಕ ನುಡಿಗಳಿಗೂ ಮನ್ನಣೆಯನ್ನು ಕೊಟ್ಟರು. ಆ ಬಾಯಿಗೆ ಕೇಳುವ ಅಧಿಕಾರವುಂಟು. ಹಿಂದಿಯ ಹೇರಿಕೆಯನ್ನು ಎದುರಿಸುವ ನಾವು, ಕಾಸರಗೋಡಿನ ಕನ್ನಡಕ್ಕಾಗಿ ಕಣ್ಣೀರಿಡುವ ನಾವು, ಆ ಅಧಿಕಾರವನ್ನು ಗಳಿಸಿಕೊಳ್ಳಬೇಕಾದರೆ ನಮ್ಮ ಹಿತ್ತಿಲಲ್ಲಿಯೇ ಅದಕ್ಕೆ ಬೆಲೆಯನ್ನು ತೆರಬೇಕು. ತುಳುವಿಗೆ ಕೊಡತಕ್ಕುದನ್ನು ಕೇಳಿಸಿಕೊಂಡು ಕೇಳಿಸಿಕೊಂಡು ಬೇಸತ್ತು ಕೊಡುವುದಕ್ಕಿಂತ, ಇಂದೇ ಮನಸಾರೆ ಕೊಡುವುದು ಕನ್ನಡದ ಗೌರವಕ್ಕೆ ಒಪ್ಪುವ ಕೆಲಸವೆಂದು ನಾವು ನಮ್ಮ ಸರಕಾರಕ್ಕೂ ನಾಡಿನ ಮುಖಂಡರಿಗೂ ಅರಿಕೆ ಮಾಡುತ್ತೇವೆ.